ಎತ್ತು ಕಟ್ಟಿ ಕಳಿಸಿದ ಮೋಟಾರು

ಆದವಾನಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ, ನನಗೆ ತಿಳಿವಳಿಕೆ ಬರುವ ಹೊತ್ತಿಗೆ, ದನಗಳಿರಲಿಲ್ಲ. ಒಂದು ಮೋಟಾರು ಇತ್ತು. ಎತ್ತುಗಳಿಗೆ ಮೇವು ಹಾಕುವ ಗೋದಲಿಗೆ ಮುಖ ಮಾಡಿ, ಇನ್ನೇನು ಯಾರಾದರೂ ಕಣಿಕೆ ತಂದು ಹಾಕುತ್ತಾರೆ ಎಂದು ಕಾಯುವ ಹಾಗೆ ಅದು ನಿಂತಿರುತ್ತಿತ್ತು. ನಮ್ಮದು ಕಲ್ಲಿನ ಗೋಡೆಯ ಮಾಳಿಗೆ ಮನೆ. ಓಣಿಯ ಕಡೆ ಕೂತು ಮಾತಾಡುವ ಬಂಕ, ಅದರ ಹಿಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಹಿತ್ತಲು. ಕೊಟ್ಟಿಗೆ ಪಕ್ಕಕ್ಕಿತ್ತು. ಅದಕ್ಕೆ ಓಣಿಯತ್ತ ಬಂಡಿ ಹಿಡಿಸುವಷ್ಟು ದೊಡ್ಡ ಬಾಗಿಲು, ನಡುಮನೆಯತ್ತ ಬಗ್ಗಿ ಬರುವಷ್ಟು ಸಣ್ಣ ಬಾಗಿಲು. ಅಪ್ಪ ಹತ್ತಿ ಮಂಡಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ. ಊರು ಬಿಟ್ಟು ಹೊರಟಿದ್ದ ಜಿನ್ನಿಂಗ್ ಫ್ಯಾಕ್ಟರಿಯ ಒಬ್ಬ ದೊರೆಯಿಂದ ಆ ಮೋಟಾರನ್ನು ಕೊಂಡಿದ್ದನಂತೆ. ಕೊಳ್ಳುವಾಗಲೇ ಅದು ಹಳೆಯದು. ಸುಗ್ಗಿ ಬಂತೆಂದರೆ ಅದರಲ್ಲಿ ಕೂತು ಆಸ್ಪರಿ, ಚಿಪ್ಪಗಿರಿ ಕಡೆಯ ಹಳ್ಳಿಗಳಿಗೆ ಹತ್ತಿ ನೋಡಲು ಹೋಗುತ್ತಿದ್ದ. ಮೊದಲ ಸಲ ಅದರಲ್ಲಿ ಕೂರುವಾಗ ಅಜ್ಜಿ ಗುಡಿಗೆ ಹೋದವಳಂತೆ ಚಪ್ಪಲಿಯನ್ನು ಓಣಿಯಲ್ಲೇ ಬಿಟ್ಟು ಹತ್ತಿದ್ದಳು. ಅರ್ಧ ದಾರಿಗೆ ಹೋದ ಮೇಲೆ ನೆನಪಾಗಿ, ತಿರುಗಿಸಪ್ಪಾ ಎಂದು ಗಲಾಟೆ ಎಬ್ಬಿಸಿದ್ದಳು ಎಂದು ಅವ್ವ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ.

ಆಮೇಲೆ ದೊಡ್ಡ ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಬಂತು. ಸಣ್ಣದೊಂದು ಸಾಮಾನು ಕೆಟ್ಟರೂ ಮದ್ರಾಸಿಗೆ ಬರೆಯಬೇಕು, ಬರೆದರೂ ಬರುವುದಿಲ್ಲ. ಅಪ್ಪ ರೈಲಿನಲ್ಲಿ, ಬಂಡಿಯಲ್ಲಿ ಓಡಾಡತೊಡಗಿದ. ಮೋಟಾರು ಕೊಟ್ಟಿಗೆಗೆ ಸೇರಿತು. ಅವ್ವ ಅದರ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಹರಡಿ ಆರಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕುತ್ತಿತ್ತು. ಊರಿಗೆ ಮೋಟಾರಿನ ಶರಣಪ್ಪ ಆಗಿದ್ದ ಅಪ್ಪ ಮತ್ತೆ ಹತ್ತಿ ಶರಣಪ್ಪನಾದ.

ಮೋಟಾರು ಮನೆಯೊಳಗೆ ನಿಂತದ್ದಕ್ಕೂ ಶಂಕ್ರತ್ತೆ ಮನೆಗೆ ಬಂದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ. ಶಂಕ್ರತ್ತೆ ಅಪ್ಪನ ತಂಗಿ. ಚಿಪ್ಪಗಿರಿಗೆ ಕೊಟ್ಟಿದ್ದರು. ಮದುವೆಯಾಗಿ ಇನ್ನೂ ಮಕ್ಕಳಾಗುವ ಮೊದಲೇ ಆಕೆಯ ಗಂಡ ಜ್ವರದಲ್ಲಿ ತೀರಿಕೊಂಡ. ಅತ್ತೆಮನೆಯವರು ಆಕೆಯನ್ನು ಬಂಡಿಯಲ್ಲಿ ಕೂರಿಸಿ, ಒಂದು ಟ್ರಂಕಿನ ಜೊತೆ ನಮ್ಮ ಬಾಗಿಲಿಗೆ ತಂದು ಇಳಿಸಿದರು. ಗಂಡ ಸತ್ತವಳು ಒಂದು ವರ್ಷ ಮೂಲೆಯಲ್ಲಿ ಕೂರಬೇಕು ಎನ್ನುವುದು ಆಗಿನ ಪದ್ಧತಿ. ಅಜ್ಜಿ ನಡುಮನೆಯ ಮೂಲೆಯಲ್ಲಿ ಕಂಬಳಿ ಹಾಸಿ ತನ್ನ ಮಗಳನ್ನು ತಾನೇ ಕೂರಿಸಿದಳು. ವರ್ಷವೇನೋ ತುಂಬಿತು. ಆದರೆ ಏಳು ಎಂದು ಹೇಳುವುದು ಯಾರ ಕೆಲಸ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ, ಮಗ ಹೇಳಲಿ ಎಂದುಕೊಂಡಳು. ಅಪ್ಪ, ಹೆತ್ತವಳು ಹೇಳಲಿ ಎಂದುಕೊಂಡ. ಅವ್ವ ಸೊಸೆ, ಆಕೆಗೆ ಯಾಕೆ ಬೇಕು ಆ ಮಾತು. ಹಾಗಾಗಿ ಶಂಕ್ರತ್ತೆ ಮೂಲೆಯಿಂದ ಎದ್ದರೂ ಪೂರ್ತಿ ಏಳಲಿಲ್ಲ. ಬೀಸುತ್ತಿದ್ದಳು, ಕುಟ್ಟುತ್ತಿದ್ದಳು, ಹಿತ್ತಲಿನವರೆಗೆ ಹೋಗುತ್ತಿದ್ದಳು, ಪಡಸಾಲೆ ದಾಟುತ್ತಿರಲಿಲ್ಲ. ಬಂಕಕ್ಕೆ ಬಂದು ಓಣಿ ನೋಡಿದ್ದನ್ನು ನಾನು ಕಂಡಿಲ್ಲ. ಯಾರೂ ಆಕೆಯನ್ನು ಬೈದವರಲ್ಲ, ತಡೆದವರಲ್ಲ. ಆಕೆ ಅಲ್ಲಿರುತ್ತಾಳೆ ಎಂಬುದು ಕಂಬ ಅಲ್ಲಿರುತ್ತದೆ ಎಂಬಷ್ಟು ರೂಢಿಯಾಗಿ ಹೋಗಿತ್ತು.

ನಮ್ಮೂರಿನ ಮಧ್ಯಾಹ್ನಗಳು ಬಹಳ ಉದ್ದ. ಫ್ಯಾಕ್ಟರಿಯ ಕೂಗು ಆದ ಮೇಲೆ ಓಣಿಯೆಲ್ಲ ಬಾಗಿಲು ಹಾಕಿಕೊಂಡು ಮಲಗುತ್ತಿತ್ತು. ಅಜ್ಜಿ ಕಡಪದ ಕಲ್ಲಿನ ಮೇಲೆ ಸೆರಗು ಹಾಸಿ ಗೊರಕೆ ಹೊಡೆಯುತ್ತಿದ್ದಳು. ಅಂಥ ಹೊತ್ತಿನಲ್ಲಿ ಒಂದು ದಿನ ನಾನು ಬೆಕ್ಕಿನ ಮರಿ ನೋಡಲು ಕೊಟ್ಟಿಗೆಗೆ ಹೋದರೆ, ಮೋಟಾರಿನ ಮುಂದಿನ ಸೀಟಿನಲ್ಲಿ ಶಂಕ್ರತ್ತೆ ಕೂತಿದ್ದಳು. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ನನ್ನನ್ನು ಕಂಡು ಗಾಬರಿಯಾಗಿ ಕೈ ತೆಗೆದಳು. ನಾನು ಏನೂ ಕೇಳದೆ ಆ ಕಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಹತ್ತಿ ಕೂತೆ. ಮಕ್ಕಳಿಗೆ ಅದು ಕೇಳುವಂಥ ಸಂಗತಿಯೇ ಅಲ್ಲ. ಮೋಟಾರು ಇರುವುದು ಕೂರಲಿಕ್ಕೆ. ಸ್ವಲ್ಪ ಹೊತ್ತು ಇಬ್ಬರೂ ಗೋದಲಿ ನೋಡುತ್ತ ಕೂತೆವು. ಆಮೇಲೆ ಅತ್ತೆ ಕೇಳಿದಳು:

"ಎಲ್ಲಿಗಿ ಹೋಗೂಣು ನೀಲಾ?"

ಅವತ್ತು ನಾವು ಮಂತ್ರಾಲಯಕ್ಕೆ ಹೋದೆವು. ಮತ್ತೊಂದು ದಿನ ಬಳ್ಳಾರಿಗೆ. ಆಗ ನಮ್ಮೂರು ಬಳ್ಳಾರಿ ಜಿಲ್ಲೆಗೇ ಸೇರಿತ್ತು, ನನಗೆ ಗೊತ್ತಿದ್ದ ದೊಡ್ಡ ಊರೆಂದರೆ ಅದೇ. ನಾನು ಹಾರ್ನಿನ ರಬ್ಬರು ಬುರುಡೆ ಒತ್ತುವವಳು. ಅದು ಹರಿದು ಹೋಗಿ, ಒತ್ತಿದರೆ ಮುದುಕರು ಕೆಮ್ಮಿದ ಹಾಗೆ ಕೇಳುತ್ತಿತ್ತು. ಅತ್ತೆ ದಾರಿಯಲ್ಲಿ ಎದುರಾದವರನ್ನೆಲ್ಲ ಮಾತಾಡಿಸುತ್ತಿದ್ದಳು. ಕುರಿಹಿಂಡು ಅಡ್ಡ ಬಂದರೆ ನಿಲ್ಲಿಸಿ ಕುರುಬನಿಗೆ, ಸಾವಕಾಶ ದಾಟ್ಸೋ ಅಣ್ಣಾ, ನಮಗೇನು ಅವಸರಿಲ್ಲ ಎನ್ನುತ್ತಿದ್ದಳು. ಮನೆಯೊಳಗೆ ಎರಡು ಮಾತಿಗಿಂತ ಹೆಚ್ಚು ಆಡದವಳು ಅಲ್ಲಿ ಸ್ಟೇರಿಂಗ್ ತಿರುಗಿಸುತ್ತ ನಗುತ್ತಿದ್ದಳು, ಸಿಟ್ಟಾಗುತ್ತಿದ್ದಳು, ಹಾಡುತ್ತಿದ್ದಳು. ನನಗೆ ಕತೆ ಹೇಳುವ ಹುಚ್ಚು ಹಿಡಿದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ಶಾಲೆಯ ಹೆಸರು ಹೇಳಬೇಕೆನಿಸುತ್ತದೆ. ನಿಜ ಹೇಳಬೇಕೆಂದರೆ ಅದು ಹಿಡಿದದ್ದು ಆ ಮೋಟಾರಿನ ಹರಿದ ಸೀಟಿನ ಮೇಲೆ.

ಚಿಪ್ಪಗಿರಿ ಎಂದರೆ ಮಾತ್ರ, ಆ ದಾರಿ ಬ್ಯಾಡ ಎನ್ನುತ್ತಿದ್ದಳು. ನಾನು ಎರಡು ಮೂರು ಸಲ ಕೇಳಿ ಬಿಟ್ಟೆ. ಒಂದು ದಿನ ತಾನಾಗಿಯೇ, ಇವತ್ತು ಚಿಪ್ಪಗಿರಿಗಿ ಹೋಗೂಣು ಎಂದಳು. ಎರೆಹೊಲ, ಸಜ್ಜೆ ತೆನೆ, ಗುಡ್ಡದ ಮೇಲಿನ ಹಳೆಯ ಬಸದಿ, ಊರ ಬಾವಿ, ಎಲ್ಲ ತೋರಿಸುತ್ತ ಹೋದಳು. ಒಂದು ಕಡೆ ಮೋಟಾರು ನಿಲ್ಲಿಸಿದಳು.

"ಇದಾ ಮನಿ," ಎಂದಳು. "ಬಾಗಲಾಗ ಶೇಂಗಾ ಹಾಕ್ಯಾರ ನೋಡು. ಅವ್ರು ಹೊಲದಿಂದ ಬರೋವಾಗ ಹಸೀ ಶೇಂಗಾ ಪಂಚಿಯಾಗ ಕಟ್ಟಿಗೊಂಡು ಬರ್ತಿದ್ರು. ಯಾರಿಗೂ ಕಾಣದಂಗ ನನ್ನ ಉಡ್ಯಾಗ ಸುರೀತಿದ್ರು. ಭಾಳ ಮೆತ್ತಗ ಮಾತಾಡ್ತಿದ್ರು, ಹತ್ರ ಹೋದ್ರ ಮಾತ್ರ ಕೇಳ್ತಿತ್ತು."

"ಇಳೀಯೂಣೇನತ್ತಿ?" ಎಂದೆ.

"ಬ್ಯಾಡ. ನೋಡಿದ್ವಿ ಅಲ್ಲ, ಸಾಕು. ತಿರುಗಿಸೂಣು," ಎಂದು ಸ್ಟೇರಿಂಗನ್ನು ಪೂರಾ ಬಲಕ್ಕೆ ಎಳೆದಳು.  ಬರುವ ದಾರಿಯಲ್ಲಿ ನಾನು ಹಾರ್ನು ಒತ್ತಲಿಲ್ಲ.

ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮಧ್ಯಾಹ್ನ ಅಪರೂಪಕ್ಕೆ ಮನೆಗೆ ಬಂದರೆ ಆತ ಕೊಟ್ಟಿಗೆಯ ಬಾಗಿಲ ಹತ್ತಿರ ಬಂದು ದೊಡ್ಡದಾಗಿ ಕೆಮ್ಮುತ್ತಿದ್ದ. ಆಮೇಲೆ ಇನ್ನೇನೋ ನೆನಪಾದವನಂತೆ ಪಡಸಾಲೆಗೆ ವಾಪಸು ಹೋಗುತ್ತಿದ್ದ. ಓಡದ ಮೋಟಾರಿನ ಸ್ಟೇರಿಂಗಿಗೆ ಆಗಾಗ ಎಣ್ಣೆ ಬಿಡುತ್ತಿದ್ದ. ಚಕ್ರಗಳಿಗೆ ಗಾಳಿ ಹಾಕಿಸುತ್ತಿದ್ದ. ಹರಿದ ಸೀಟಿಗೆ ಗೋಣಿತಟ್ಟು ಹೊಲಿಸಿ ಹಾಕಿದ. ಅವ್ವನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆಕೆಗೆ ಕೊಟ್ಟಿಗೆ ಬೇಕಿತ್ತು, ಒಂದು ಎಮ್ಮೆ ಕಟ್ಟುವ ಆಸೆ ಇತ್ತು. ಊಟಕ್ಕೆ ಬಡಿಸುವಾಗ ಶುರು ಮಾಡುತ್ತಿದ್ದಳು:

"ಊರೆಲ್ಲ ಹಾಲು ಮಾರಿ ಉಳದೈತಿ. ನಮ್ಮ ಕೊಟಗ್ಯಾಗ ತಗಡು ನಿಂತೈತಿ. ಅದು ಹಾಲು ಕೊಡ್ತೈತೇನ್ರಿ, ಸಗಣಿನರ ಹಾಕ್ತೈತೇನ್ರಿ?"

"ಯುದ್ಧ ಮುಗೀಲಿ. ಸಾಮಾನು ಬರ್ತಾವ," ಎನ್ನುತ್ತಿದ್ದ ಅಪ್ಪ.

ಯುದ್ಧ ಮುಗಿಯಿತು. ಇಮಾಮ್ ಮಿಸ್ತ್ರಿಯನ್ನು ಕರೆಸಿದರು. ಆತ ಫ್ಯಾಕ್ಟರಿಯ ಎಂಜಿನ್ನು ರಿಪೇರಿ ಮಾಡುವವನು, ಅಪ್ಪನ ಹಳೆಯ ಗೆಳೆಯ. ಬಾನೆಟ್ಟಿನ ಮೇಲಿನ ಮೆಣಸಿನಕಾಯಿ ತೆಗೆಸಿ, ಬಗ್ಗಿ, ಅಡಿಯಲ್ಲಿ ಮಲಗಿ, ಎಲ್ಲ ನೋಡಿದ. ಎದ್ದು ಬಂದು ಕೈ ಒರೆಸಿಕೊಂಡ. ಅವ್ವ ಕೊಟ್ಟ ಚಹಾ ಕುಡಿದು ಮುಗಿಸಿದ.

"ಶರಣಪ್ಪಣ್ಣ, ಇದ್ರಾಗ ಜಾನ್ ಇಲ್ಲ," ಎಂದ. "ಎಂಜಿನ್ ಸೀಳೇತಿ, ನೀರು ಹಾಕಿದ್ರ ಕೆಳಗ ಹೋಗ್ತೈತಿ. ರಿಪೇರಿ ಮಾಡಾಕ ಹೊಸಾ ಗಾಡಿ ರೊಕ್ಕ ಹಾಕ್ಬೇಕು. ಹಾಕಿದ ಮ್ಯಾಲೂ ಇದು ಹಳೇ ಗಾಡೀನ. ಬಿಟ್ಟುಬಿಡ್ರಿ."

ಅಪ್ಪ ಬಿಡಲಿಲ್ಲ. ಅಮಾವಾಸ್ಯೆಗೊಮ್ಮೆ ಅದರ ಮುಂದೆ ಒಂದು ಊದಿನಕಡ್ಡಿ ಹಚ್ಚಿ, ಎಲ್ಲಿಂದಲೋ ತಂದ ಒಂದಿಷ್ಟು ಪೆಟ್ರೋಲು ಹಾಕಿ, ಮುಂದೆ ಹ್ಯಾಂಡ್ಲು ತೂರಿಸಿ ತಿರುಗಿಸುತ್ತಿದ್ದ. ಒಂದೊಂದು ಸಲ ಅದು ಎರಡು ಸಲ ಗುಡುಗಿ, ಕರಿ ಹೊಗೆ ಬಿಟ್ಟು, ಸುಮ್ಮನಾಗುತ್ತಿತ್ತು. ಹಾಗೆ ತಿರುಗಿಸುತ್ತಿದ್ದಾಗಲೇ ಒಂದು ಬೆಳಗ್ಗೆ ಹ್ಯಾಂಡ್ಲು ಹಿಂದಕ್ಕೆ ಒದೆಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ನಾವೆಲ್ಲ ಓಡಿ ಹೋದರೆ ಅಪ್ಪ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಗೋದಲಿಯ ಮೇಲೆ ಕೂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. ಮಣಿಕಟ್ಟು ಮುರಿದಿತ್ತು. ನಾಟಿ ವೈದ್ಯ ಬಂದು ಎಲುಬು ಎಳೆದು ಕೂರಿಸಿ, ಬಿದಿರು ದಬ್ಬೆ ಇಟ್ಟು ಕಟ್ಟಿದ. ಎಳೆಯುವಾಗ ಅಪ್ಪ ಕೂಗಲಿಲ್ಲ, ಅವ್ವ ಕೂಗಿದಳು. ಆಮೇಲೆ, ಹೊರಗೆ ಹೋಗುವವರೆಲ್ಲ ಹೋದ ಮೇಲೆ, ಅಪ್ಪನ ಎದುರು ಕೂತು ಮೆತ್ತಗೆ ಹೇಳಿದಳು. ಅವ್ವ ಮೆತ್ತಗೆ ಮಾತಾಡಿದರೆ ಆ ಮಾತು ಮುಗಿದ ಹಾಗೆ.

"ನಾ ಎಮ್ಮಿ ಸಲುವಾಗಿ ಹೇಳಾಕತ್ತಿಲ್ಲರಿ. ಎಮ್ಮಿ ಬ್ಯಾಡ ನನಗ. ಇದು ಮನ್ಯಾಗ ಇರೂದು ಬ್ಯಾಡ."

ಅಪ್ಪ ಹೂಂ ಎಂದ. ಮಾರನೆಯ ದಿನವೇ ಇಮಾಮ್ ಮಿಸ್ತ್ರಿಗೆ ಹೇಳಿ ಕಳಿಸಿದ. ಆಸ್ಪರಿ ಕಡೆಯ ಹನುಮಂತಪ್ಪ ಎಂಬ ರೈತ ಹತ್ತಿ ಮಾರಲು ನಮ್ಮ ಅಂಗಡಿಗೇ ಬರುತ್ತಿದ್ದವನು. ಹಳೆಯ ಮೋಟಾರಿನ ಅಚ್ಚು, ಚಕ್ರ ತೆಗೆದು ಬಂಡಿಗೆ ಹಾಕುವುದು ಆಗ ಹೊಸದಾಗಿ ಶುರುವಾಗಿತ್ತು. ರಬ್ಬರು ಚಕ್ರದ ಬಂಡಿ ಎತ್ತುಗಳಿಗೆ ಹಗುರ, ಎರೆಮಣ್ಣಿನಲ್ಲಿ ಹೂಳುವುದಿಲ್ಲ. ಹನುಮಂತಪ್ಪನಿಗೆ ಚಕ್ರ ಬೇಕಿತ್ತು, ಉಳಿದ ತಗಡನ್ನು ಮಿಸ್ತ್ರಿ ಒಯ್ಯುವುದು ಎಂದಾಯಿತು. ಊರಾಚೆ, ರೈಲು ಗೇಟಿನ ಆ ಕಡೆ, ಬಂಡಿ ಮಾಡುವ ಬಡಿಗೇರ ವೀರಭದ್ರಾಚಾರಿಯ ಕೆಲಸದ ಜಾಗಕ್ಕೆ ಮೋಟಾರನ್ನು ಮುಟ್ಟಿಸಬೇಕು. ಹನುಮಂತಪ್ಪ ತನ್ನ ಎತ್ತುಗಳನ್ನು ತಂದು ಹಗ್ಗ ಕಟ್ಟಿ ಎಳೆಸುತ್ತಾನೆ. ಸ್ಟೇರಿಂಗ್ ಹಿಡಿಯಲು ಮಿಸ್ತ್ರಿ ಬರುತ್ತಾನೆ.

ಎಲ್ಲ ಹೀಗೆ ನಿಕ್ಕಿಯಾಯಿತು. ಶಂಕ್ರತ್ತೆಗೆ ಹೇಳುವುದು ಮಾತ್ರ ಉಳಿಯಿತು. ಮತ್ತೆ ಅದೇ ಕತೆ. ಅದು ಯಾರ ಕೆಲಸವೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ಹೇಳಿದವಳು ಅವ್ವ. ಇಬ್ಬರೂ ಬೀಸುಕಲ್ಲಿನ ಎದುರುಬದುರು ಕೂತು ಜೋಳ ಬೀಸುತ್ತಿದ್ದರು.

"ನಾಳೆ ಮೋಟಾರು ಹೋಗ್ತೈತಿ ಶಂಕ್ರವ್ವ."

ಬೀಸುಕಲ್ಲು ನಿಲ್ಲಲಿಲ್ಲ. "ಹೂಂ ಅತ್ತಿಗಿ, ಕೇಳ್ದೆ," ಎಂದಳು ಅತ್ತೆ. "ಅಣ್ಣನ ಕೈ ಮುರೀತಲ್ಲ. ಹೋಗ್ಲಿ."

ಆ ಮಧ್ಯಾಹ್ನ ನಾನು ಕೊಟ್ಟಿಗೆಗೆ ಹೋದೆ. ಅತ್ತೆ ಬರಲಿಲ್ಲ. ನಾನೊಬ್ಬಳೇ ಕೂತು ಬಳ್ಳಾರಿಗೆ ಹೋಗಲು ನೋಡಿದೆ, ಓಣಿ ದಾಟಲಿಕ್ಕೂ ಆಗಲಿಲ್ಲ.

ಬೆಳಗ್ಗೆ ಹನುಮಂತಪ್ಪ ಹೊತ್ತು ಹುಟ್ಟುವ ಮುಂಚೆಯೇ ಹೊರಟು, ಬಿಸಿಲೇರುವ ಮೊದಲು ಬಂದು ನಿಂತ. ಕಂದು ಬಣ್ಣದ ಎರಡು ಎತ್ತು, ಕೊಂಬಿಗೆ ಕೆಂಪು ಬಳಿದಿದ್ದ. ಕೊಟ್ಟಿಗೆಯ ದೊಡ್ಡ ಬಾಗಿಲು ಎಷ್ಟೋ ದಿನದ ಮೇಲೆ ತೆರೆಯಿತು. ಓಣಿಯ ಜನ ಕೂಡಿ ಮೋಟಾರನ್ನು ಹಿಂದಕ್ಕೆ ತಳ್ಳಿ ಬೀದಿಗೆ ತಂದರು. ಬಿಸಿಲಿಗೆ ಬಂದಾಗ ಅದರ ಬಣ್ಣ ಕಪ್ಪಲ್ಲ, ಕಡು ಹಸಿರು ಎಂಬುದು ನನಗೆ ಮೊದಲ ಸಲ ಕಂಡಿತು. ಹಗ್ಗ ಕಟ್ಟಿದರು. ಮಿಸ್ತ್ರಿ ಮಾತ್ರ ಬರಲಿಲ್ಲ. ಫ್ಯಾಕ್ಟರಿಯಲ್ಲಿ ಎಂಜಿನ್ನು ನಿಂತುಹೋಗಿದೆ, ಇವತ್ತು ಬಿಡುವುದಿಲ್ಲವಂತೆ ಎಂದು ಯಾರೋ ಬಂದು ಹೇಳಿದರು. ಹನುಮಂತಪ್ಪ ಸೂರ್ಯನನ್ನು ನೋಡಿದ. ಬಿಸಿಲು ಏರಿದರೆ ಎತ್ತು ಎಳೆಯುವುದಿಲ್ಲ, ಮತ್ತೆ ಬರಬೇಕೆಂದರೆ ಬಿತ್ತನೆ ಮುಗಿಯಬೇಕು ಎಂದ. ಕೂಡಿದ್ದ ಗಂಡಸರಲ್ಲಿ ಮೋಟಾರು ಹತ್ತಿದವರಿದ್ದರು, ಹಿಡಿದವರಿರಲಿಲ್ಲ. ಅಪ್ಪ ಒಂದೇ ಕೈಯಲ್ಲಿ ಹಿಡಿದು ನೋಡಿದ. ಆ ಸ್ಟೇರಿಂಗು ಎರಡು ಕೈ ಹಾಕಿ ಎಳೆದರೂ ಕಷ್ಟಕ್ಕೆ ತಿರುಗುವಂಥದು. ದಬ್ಬೆ ಕಟ್ಟಿದ ಕೈ ತಾಗಿ ಆತನ ಕಣ್ಣಲ್ಲಿ ನೀರು ಬಂತು.

"ಅಣ್ಣ, ನಾ ಹಿಡೀತೀನಿ."

ದನಿ ಕೊಟ್ಟಿಗೆಯ ಒಳಗಿಂದ ಬಂತು. ಶಂಕ್ರತ್ತೆ ಖಾಲಿಯಾದ ಕೊಟ್ಟಿಗೆಯ ನಡುವೆ, ಮೋಟಾರು ನಿಂತಿದ್ದ ಎಣ್ಣೆಕಲೆಯ ಮೇಲೆ ನಿಂತಿದ್ದಳು. ಓಣಿಯ ಜನ ಆಕೆಯ ಮುಖ ಮರೆತೇ ಬಿಟ್ಟಿದ್ದರು. ಯಾರು ಎಂದು ಒಬ್ಬರನ್ನೊಬ್ಬರು ನೋಡಿದರು. ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಬಂಕದ ಕಂಬ ಹಿಡಿದುಕೊಂಡು ನಿಂತಿದ್ದಳು. ಮಧ್ಯೆ ಅವ್ವ ಬಂದಳು. ಕೈಯೆಲ್ಲ ಹಿಟ್ಟಾಗಿತ್ತು.

"ನೋಡ್ತಾ ನಿಂತ್ರ ಬಿಸಿಲು ಏರ್ತೈತಿ," ಎಂದಳು ಅಪ್ಪನಿಗೆ. ಅತ್ತೆಯ ಕಡೆ ತಿರುಗಿ, "ಕುಂದ್ರವ್ವಾ ನೀ. ನಿನಗಿಂತ ಹೆಚ್ಚಿಗಿ ಅದನ್ನ ನಡ್ಸಿದಾವ್ರು ಈ ಮನ್ಯಾಗ ಯಾರದಾರ?" ಎಂದಳು.

ಅವ್ವನಿಗೂ ಗೊತ್ತಿತ್ತು ಎಂದಾಯಿತು. ಅತ್ತೆ ತಲೆ ತಗ್ಗಿಸಿ ಬಂದು ಮೋಟಾರು ಹತ್ತಿದಳು. ಯಾರೂ ಹೇಳದೆ ನಾನು ಪಕ್ಕದಲ್ಲಿ ಹತ್ತಿದೆ. ಅಜ್ಜಿ ಮೆಟ್ಟಿಲಿಳಿದು ಹತ್ತಿರ ಬಂದಳು. ಎಲ್ಲರಿಗೂ ಭಯವಾಯಿತು. ಆಕೆ ಬಾಗಿಲ ಮೇಲೆ ಕೈಯಿಟ್ಟು,

"ಸೆರಗು ತಲಿಮ್ಯಾಲೆ ಹಾಕ್ಕೊ," ಎಂದಳು. ಆಮೇಲೆ ಸೇರಿಸಿದಳು: "ಬಿಸಿಲು ಭಾಳ ಐತಿ. ನಿನಗ ರೂಢಿ ಇಲ್ಲ."

ಹನುಮಂತಪ್ಪ ಎತ್ತುಗಳ ಬೆನ್ನು ತಟ್ಟಿದ. "ಏಮೀ ಪರ್ವಾಲೇದಕ್ಕಾ, ಹೆದರಬ್ಯಾಡ, ನಮ್ಮ ಎತ್ತು ಸಾಧು ಅದಾವು. ನೀ ಸೀದಾ ಹಿಡಿ ಸಾಕು," ಎಂದ.

ಹಗ್ಗ ಬಿಗಿಯಿತು. ಮೋಟಾರು ಒಮ್ಮೆ ಜಗ್ಗಿ ಹೊರಟಿತು. ಅಪ್ಪ ಒಂದು ಕೈಯನ್ನು ಅತ್ತೆಯ ಕಡೆಯ ಬಾಗಿಲ ಮೇಲಿಟ್ಟು ಜೊತೆಗೆ ನಡೆಯುತ್ತಿದ್ದ. ಎತ್ತಿನ ನಡಿಗೆ ಎಷ್ಟೋ ಅಷ್ಟೇ ನಮ್ಮ ವೇಗ. ಅತ್ತೆಯ ಬೆರಳುಗಳು ಬಿಳಿಚಿಕೊಂಡಿದ್ದವು. ಓಣಿ ತಿರುಗುವಲ್ಲಿ ಬಾವಿಕಟ್ಟೆಗೆ ತಾಗದಂತೆ ತಿರುಗಿಸಬೇಕಿತ್ತು. ಆಕೆ ಸೀಟಿನಿಂದ ಅರ್ಧ ಎದ್ದು ಇಡೀ ಮೈ ಹಾಕಿ ತಿರುಗಿಸಿದಳು, ಮೋಟಾರು ತಿರುಗಿತು. ಆಕೆಗೆ ನಂಬಿಕೆಯೇ ಬರಲಿಲ್ಲ. ಅಷ್ಟು ವರ್ಷ ಎಷ್ಟು ತಿರುಗಿಸಿದರೂ ಎದುರಿಗಿದ್ದದ್ದು ಅದೇ ಗೋದಲಿ. ಈಗ ತಿರುಗಿಸಿದರೆ ಬೀದಿಯೇ ತಿರುಗುತ್ತದೆ. ನನ್ನ ಕಡೆ ನೋಡಿ, "ಬಂತು ನೋಡು!" ಎಂದಳು. ನಾನು ಹಾರ್ನು ಒತ್ತಿದೆ.

ಹತ್ತಿ ಅಂಗಡಿಗಳ ಸಾಲಿನಲ್ಲಿ ಎಲ್ಲರೂ ಹೊರಗೆ ಬಂದು ನಿಂತರು. ಅಪ್ಪನ ಜೊತೆಗೆ ವ್ಯಾಪಾರ ಮಾಡುವ ಒಬ್ಬರು ಗದ್ದುಗೆಯ ಮೇಲಿಂದಲೇ ಕೂಗಿದರು:

"ಏನ್ ಶರಣಪ್ಪ, ನಿಮ್ಮ ಮನ್ಯಾಗ ಗಂಡಸ್ರು ಯಾರೂ ಇರ್ಲಿಲ್ಲೇನು?"

ಅಪ್ಪ ನಿಲ್ಲಲಿಲ್ಲ. ದಬ್ಬೆ ಕಟ್ಟಿದ ಕೈಯನ್ನು ಎತ್ತಿ ತೋರಿಸಿ, "ಒಬ್ಬಾವ ಅದಾನರಿ, ಅವನ ಕೈ ಮುರದೈತಿ," ಎಂದ. ಜನ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅತ್ತೆ ಮಾತ್ರ ನಗಲಿಲ್ಲ, ಎತ್ತಿನ ಕೊಂಬುಗಳ ನಡುವೆ ದೃಷ್ಟಿ ನೆಟ್ಟಿದ್ದಳು.

ರೈಲು ಗೇಟು ಹಾಕಿತ್ತು. ಏರಿನ ಮೇಲೆ ಬಂಡಿಗಳು, ಜಟಕಾಗಳು, ತಲೆಮೇಲೆ ಬುಟ್ಟಿ ಹೊತ್ತ ಹೆಂಗಸರು ಕಾಯುತ್ತ ನಿಂತಿದ್ದರು, ನಾವೂ ನಿಂತೆವು. ಬುಟ್ಟಿಯಲ್ಲಿ ಸೀಬೆಹಣ್ಣು ಹೊತ್ತ ಮುದುಕಿಯೊಬ್ಬಳು ಹತ್ತಿರ ಬಂದು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಯಾರ ಮನೆಯವಳಮ್ಮಾ ನೀನು ಎಂದು ತೆಲುಗಿನಲ್ಲಿ ಕೇಳಿದಳು. ಅಪ್ಪ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆಯೇ ತೆಲುಗಿನಲ್ಲಿ, ಹತ್ತಿ ಶರಣಪ್ಪನ ತಂಗಿ, ನನ್ನ ಹೆಸರು ಶಂಕ್ರಮ್ಮ ಎಂದಳು. ಹೊರಗಿನವರಿಗೆ ತನ್ನ ಹೆಸರನ್ನು ಹೇಳಿ ಎಷ್ಟು ಕಾಲವಾಗಿತ್ತೋ, ಹೇಳಿದ ಮೇಲೆ ಸ್ವಲ್ಪ ನಾಚಿದಳು. ಮುದುಕಿ ಒಂದು ಹಣ್ಣು ತೆಗೆದು ನನ್ನ ಕೈಗಿಟ್ಟಳು. ಗುಂತಕಲ್ಲಿನ ಕಡೆಯಿಂದ ಗೂಡ್ಸು ಗಾಡಿ ಬಂತು. ನೆಲ ನಡುಗಿತು, ಡಬ್ಬಿಗಳು ಮುಗಿಯಲೇ ಇಲ್ಲ. ಅತ್ತೆ ಕೊನೆಯ ಡಬ್ಬಿಯವರೆಗೂ ಕತ್ತು ತಿರುಗಿಸಿ ನೋಡಿದಳು.

ಗೇಟು ದಾಟಿದ ಮೇಲೆ ಇಳಿಜಾರು. ಎಳೆಯುವಾಗ ಏರು ಕಷ್ಟ ಎಂದು ಎಲ್ಲರೂ ಎಣಿಸಿದ್ದರೇ ಹೊರತು ಇಳಿಯುವುದನ್ನು ಯಾರೂ ನೆನೆದಿರಲಿಲ್ಲ. ಹಗ್ಗ ಸಡಿಲಾಯಿತು. ಮೋಟಾರು ತಾನಾಗಿ ಉರುಳತೊಡಗಿ ಎತ್ತುಗಳ ಹಿಂಗಾಲಿನ ಹತ್ತಿರ ಹತ್ತಿರ ಹೋಯಿತು. ಹನುಮಂತಪ್ಪ ಹಿಂದೆ ನೋಡಿ ಅಯ್ಯಯ್ಯೋ ಎಂದು ಕೂಗಿದ. ಅಪ್ಪ ಬಾಗಿಲು ಹಿಡಿದು ಹಿಂದಕ್ಕೆ ಎಳೆಯುತ್ತ, "ಬ್ರೇಕು! ಶಂಕ್ರೀ, ಬ್ರೇಕು!" ಎಂದ. ಅತ್ತೆ ಆಗಲೇ ಎರಡೂ ಕಾಲನ್ನು ಅದರ ಮೇಲೆ ಹಾಕಿ ನಿಂತೇ ಬಿಟ್ಟಿದ್ದಳು. ಬ್ರೇಕಿಗೆ ಇದ್ದದ್ದು ಅರೆಜೀವ. ವೇಗ ಕಡಿಮೆಯಾಯಿತು, ಮೋಟಾರು ನಿಲ್ಲಲಿಲ್ಲ. ನಾನು ಕಣ್ಣು ಮುಚ್ಚಿದೆ. ಆಕೆ ಸ್ಟೇರಿಂಗನ್ನು ಎಡಕ್ಕೆ ಎಳೆದಳು. ಮೋಟಾರು ರಸ್ತೆಯಂಚಿನ ಮಣ್ಣಿನ ದಿಬ್ಬಕ್ಕೆ ಮೂತಿ ಒತ್ತಿ, ನಮ್ಮಿಬ್ಬರನ್ನೂ ಮುಂದಕ್ಕೆ ನೂಕಿ ನಿಂತಿತು. ಎತ್ತುಗಳು ಹೆದರಿ ಪಕ್ಕಕ್ಕೆ ಸರಿದವು, ಅವುಗಳ ಕಾಲಿಗೆ ಏನೂ ಆಗಿರಲಿಲ್ಲ. ಹನುಮಂತಪ್ಪ ಎರಡಕ್ಕೂ ಕಾಲು ಸವರಿ ನೋಡಿ, ಎದ್ದು ಬಂದು ಅತ್ತೆಗೆ ಕೈ ಮುಗಿದ.

"ನನ್ನ ಮಕ್ಕಳಿದ್ದಂಗ ಅಕ್ಕಾ ಅವು," ಎಂದ.

ಅಪ್ಪ ಏದುಸಿರು ಬಿಡುತ್ತಿದ್ದ. "ಯಾರು ಕಲಿಸಿದ್ರವ್ವಾ ನಿನಗ ಹಿಂಗ?"

"ನೀನ," ಎಂದಳು ಅತ್ತೆ. "ಆಸ್ಪರಿ ದಾರ್ಯಾಗ ಬ್ರೇಕು ಹಿಡೀಲಿಲ್ಲಂತ ದಿಬ್ಬಕ್ಕ ತಾಗಿಸಿ ನಿಂದರ್ಸಿದ್ದೆಲ್ಲ. ಉಣ್ಣಾಕ ಕುಂತಾಗ ಹೇಳ್ತಿದ್ದಿ. ನಾ ಒಳಗ ಕುಂತು ಕೇಳ್ತಿದ್ದೆ."

ಆಮೇಲೆ ಮಿಕ್ಕ ಇಳಿಜಾರನ್ನು ನಾಲ್ಕು ಜನ ಹಿಂದಿನಿಂದ ಹಗ್ಗ ಹಿಡಿದು ಇಳಿಸಿದರು. ವೀರಭದ್ರಾಚಾರಿಯ ಬೇವಿನ ಮರದಡಿ ಮೋಟಾರು ನಿಂತಾಗ ಅತ್ತೆಯ ಮುಖ ಬಿಸಿಲಿಗೆ ಕೆಂಪಗಾಗಿತ್ತು. ಇಳಿದಳು. ಬಡಿಗೇರನ ಮಕ್ಕಳು ಆಗಲೇ ಚಕ್ರದ ಅಡಿ ಕಲ್ಲು ಜೋಡಿಸತೊಡಗಿದ್ದರು. ಒಂದು ಚಕ್ರ ಕಳಚಿತು, ಇನ್ನೊಂದು ಕಳಚಿತು. ನನಗೆ ಅಳು ಬಂತು. ಅತ್ತೆ ನಿಂತು ನೋಡಿದಳು. ಹನುಮಂತಪ್ಪ, ಅಕ್ಕಾ, ಆ ಸ್ಟೇರಿಂಗ್ ನಮಗ ಬ್ಯಾಡ, ನೆನಪಿಗೆ ಒಯ್ಯಿ, ಬಿಚ್ಚಿ ಕೊಡ್ತಾರ ಎಂದ.

"ಬ್ಯಾಡಪ್ಪ," ಎಂದಳು. "ಕೈಯಾಗ ಹಿಡಕೊಂಡು ಏನ್ ತಿರುಗಿಸ್ಲಿ?"

ಅಪ್ಪ ಪರದೆ ಕಟ್ಟಿದ ಜಟಕಾ ಕರೆಯಲು ಹೊರಟ. ಅತ್ತೆ ಬೇಡವೆಂದಳು, ನಡೆದೇ ಹೋಗೋಣ ಎಂದಳು. ನಡೆದೆವು. ಆಕೆಗೆ ನಡೆದು ರೂಢಿಯಿಲ್ಲ, ಚಪ್ಪಲಿಯೂ ಇರಲಿಲ್ಲ. ಅಪ್ಪ ತನ್ನದನ್ನು ಬಿಟ್ಟುಕೊಟ್ಟ. ಆ ದೊಡ್ಡ ಚಪ್ಪಲಿ ಎಳೆಯುತ್ತ ಆಕೆ ಪ್ರತಿ ಅಂಗಡಿಯ ಮುಂದೆ ನಿಂತಳು. ಇದು ಯಾವಾಗಾತು, ಇಲ್ಲಿದ್ದ ಹುಣಸಿಮರ ಏನಾತು, ಇವ್ರ ಮುದುಕ ಹೋದ್ನೇನು ಎಂದು ಕೇಳಿದಳು. ಗೇಟಿನ ಹತ್ತಿರ ಅಪ್ಪ ಬಹಳ ಹೊತ್ತು ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದ.

"ನಿನ್ನ ಸಲುವಾಗಿ ಇಟ್ಟಿದ್ದೆ ಶಂಕ್ರೀ. ಮಾರಬಾರ್ದಂತನ ಇತ್ತು. ಇನ್ನ ಮ್ಯಾಲೆ ನಿನಗ ಒಂದು ಘಳಿಗಿ ಕುಂದ್ರಾಕ ಜಾಗ ಇಲ್ಲದಂಗಾತು."

"ಗೊತ್ತಿತ್ತಣ್ಣ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಕುಂತು ಕುಂತು ಸಾಕಾಗೇತಿ," ಎಂದಳು.

ಅಪ್ಪನ ಮಣಿಕಟ್ಟು ಮತ್ತೆ ನೆಟ್ಟಗಾಗಲಿಲ್ಲ. ಹತ್ತಿಯ ಎಳೆಯನ್ನು ಎರಡು ಕೈ ಬೆರಳಲ್ಲಿ ಹಿಡಿದು ಎಳೆದು ಅದರ ಗುಣ ಹೇಳುವುದು ಆತನ ಕಸುಬು; ಬಲಗೈ ಬೆರಳುಗಳು ಅದಕ್ಕೆ ಒದಗಲಿಲ್ಲ. ಮುಂದಿನ ಸುಗ್ಗಿಗೆ ಶಂಕ್ರತ್ತೆ ಅಂಗಡಿಯಲ್ಲಿ ಅಪ್ಪನ ಪಕ್ಕದಲ್ಲಿ ಕೂತು ಎಳೆ ಎಳೆದು ತೋರಿಸತೊಡಗಿದಳು. ಕೆಲವು ವರ್ಷಕ್ಕೆ ನೋಡುವುದೂ ಹೇಳುವುದೂ ಆಕೆಯದೇ ಆಯಿತು. ಅವ್ವ ಎಮ್ಮೆ ಕಟ್ಟಿದಳು. ಅದೆಲ್ಲ ನಿಧಾನವಾಗಿ, ಸಾಕಷ್ಟು ಮಾತು ಕೇಳಿಸಿಕೊಂಡು ಆದದ್ದು. ಒಂದೇ ದಿನದಲ್ಲಿ ಯಾವುದೂ ಬದಲಾಗಲಿಲ್ಲ. ಆದರೆ ಆ ದಿನ ನಾವು ಮನೆ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ನಮ್ಮ ಮನೆಯಲ್ಲಿ ಶಂಕ್ರತ್ತೆ ಎಲ್ಲರದೂ ಆದ ಮೇಲೆ, ಉಳಿದದ್ದರಲ್ಲಿ ಅರ್ಧ ರೊಟ್ಟಿ ಮುರಿದುಕೊಂಡು, ಯಾರಿಗೂ ಕಾಣದ ಹಾಗೆ ಉಣ್ಣುತ್ತಿದ್ದಳು. ಅವತ್ತು ಕಾಲು ತೊಳೆದುಕೊಂಡು ಸೀದಾ ಒಲೆಯ ಮುಂದೆ ಬಂದು ಕೂತಳು.

"ಅತ್ತಿಗಿ, ಹಸಿವಾಗೇತಿ," ಎಂದಳು.

ಆ ಮಾತು ಆಕೆಯ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.  ಅವ್ವ ಹೆಂಚಿನ ಮೇಲಿಂದ ಬಿಸಿ ರೊಟ್ಟಿ ಎತ್ತಿ ಆಕೆಯ ತಟ್ಟೆಗೆ ಹಾಕಿದಳು, ಪುಂಡಿಪಲ್ಯ ಬಡಿಸಿದಳು. ಅಜ್ಜಿ ಗೋಡೆಗೆ ಒರಗಿ ಕೂತಿದ್ದವಳು ಸರಿದು ಬಂದು ಬೆಣ್ಣೆಯ ಕುಡಿಕೆಯನ್ನು ಮಗಳ ಕಡೆ ದೂಡಿದಳು. ಅತ್ತೆ ತಲೆಯೆತ್ತದೆ ಉಂಡಳು. ಇನ್ನೊಂದು ರೊಟ್ಟಿ, ಮತ್ತೊಂದು. ಅಪ್ಪ ಎಡಗೈಯಲ್ಲಿ ಮುರಿಯಲು ಬಾರದೆ ತನ್ನ ರೊಟ್ಟಿಯ ಜೊತೆ ಒದ್ದಾಡುತ್ತಿದ್ದ. ಆಕೆ ಉಣ್ಣುತ್ತಲೇ ಕೈ ಚಾಚಿ ಅದನ್ನು ಚೂರು ಮಾಡಿ ಕೊಟ್ಟಳು. ಅವ್ವ ಹಿಟ್ಟು ನಾದುವ ಮರಿಗೆ ಬರಿದಾದದ್ದನ್ನು ನೋಡಿ, ದಿನಾ ಎಲ್ಲರನ್ನೂ ಕೇಳುವ ಹಾಗೆ ರೂಢಿಗೆ ಕೇಳಿದಳು:

"ಇನ್ನೊಂದು ಹಾಕ್ಲೇನವ್ವ?"

"ಹಾಕು," ಎಂದಳು ಶಂಕ್ರತ್ತೆ.

ಅವ್ವ ಎದ್ದು ಹೋಗಿ ಹಿಟ್ಟಿನ ಗಡಿಗೆಯ ಮುಚ್ಚಳ ತೆಗೆದಳು.